ಬದುವಿನ ಏಡಿ ಬಡಿಸಿದ ಊಟ

ಮಾಯಿಗಯ್ಯನ ಗದ್ದೆಯ ಬದುವಿನಲ್ಲಿ ಒಂದು ಏಡಿ ಇತ್ತು. ಮದುವೆಮನೆಯಲ್ಲಿ ಬಡಿಸಲು ನಿಂತವರಂತೆ ಅದಕ್ಕೂ ‘ಸಾಕು’ ಎನ್ನುವ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಪಕ್ಕದ ಹೊಳೆಯ ಗೆಂಡೆಮೀನು ಅದರ ಗೆಳತಿ. ಮಾಯಿಗಯ್ಯ ಒಂದು ಮೂಟೆ ಯೂರಿಯಾ ಎರಚಿದ್ದೇ ತಡ, ಪೈರು ಮೈ ತುಂಬಿಕೊಂಡಿತು. ಅದನ್ನು ಕಂಡು ಏಡಿಯ ಕರುಳು ಚುರ್ರೆಂದಿತು: “ಪಾಪ, ನಮ್ಮ ಗೆಂಡೆ ಮಾತ್ರ ಒಣಕಲು!”

ಅದು ಬದು ಕೊರೆದು ಗೊಬ್ಬರದ ನೀರನ್ನು ಹೊಳೆಗೆ ಹರಿಸಿತು. ಗದ್ದೆ ಬಿಳಿಚಿಕೊಂಡಿತು. ಮಾಯಿಗಯ್ಯ ಇನ್ನೊಂದು ಮೂಟೆ ಸುರಿದ. ಏಡಿ ತೂತನ್ನು ಇನ್ನಷ್ಟು ಅಗಲ ಮಾಡಿತು.

ತಿಂಗಳಾದ ಮೇಲೆ ಗೆಂಡೆ ಏದುಸಿರು ಬಿಡುತ್ತ ಬದುವಿನ ಬುಡಕ್ಕೆ ಬಂತು.

“ಅಕ್ಕಾ, ಸಾಕು.”

“ಸಂಕೋಚ ಬೇಡ ಕಣೇ, ಇನ್ನೊಂಚೂರು.”

“ನೀನು ಬಡಿಸಿದ್ದು ನನಗೆ, ಉಂಡಿದ್ದು ಪಾಚಿ. ಅದು ಹೊಳೆಯನ್ನೆಲ್ಲ ಮುಚ್ಚಿ ಈಗ ಕೊಳೆಯುತ್ತಿದೆ. ನೀರಲ್ಲಿ ಉಸಿರೇ ಉಳಿದಿಲ್ಲ. ನನ್ನ ಮರಿಗಳಲ್ಲಿ ಅರ್ಧ ಹೋದವು.”

ಏಡಿ ತಟ್ಟನೆ ತೂತಿನತ್ತ ಓಡಿತು. ಕೆಸರು ಮೆತ್ತಿ ತೂತು ಮುಚ್ಚಿತು. ಅದೂ ಸಾಲದೆಂದು ತಾನೇ ಬೆನ್ನು ಕೊಟ್ಟು ಕೂತಿತು. ಮುಂದಿನ ಸಲ ಗದ್ದೆಗೆ ಅರ್ಧ ಮೂಟೆಯೇ ಸಾಕಾಯಿತು.

ಮಳೆಯ ಹೊಸ ನೀರು ಪಾಚಿಯನ್ನು ಕೊಚ್ಚಿಕೊಂಡು ಹೋದ ಮೇಲೆ ಗೆಂಡೆ ಉಳಿದ ಮರಿಗಳನ್ನು ಕರೆದುಕೊಂಡು ಬಂತು.

“ಊಟ ಆಯ್ತೇನೇ?” ಎಂದಿತು ಏಡಿ.

“ಆಯ್ತಕ್ಕಾ.”

ಏಡಿಯ ಮುಂಗಾಲು ಅಭ್ಯಾಸಬಲದಿಂದ ತೂತಿನ ಕಡೆ ಹೋಗಿ ಅಲ್ಲೇ ನಿಂತಿತು. ಜನ್ಮದಲ್ಲಿ ಮೊದಲ ಸಲ ಅದು ಆ ಮಾತನ್ನು ನಂಬಿತು.