ಕುರುಡು ಹಾವಿನ ಗಂಡು

“ಬುದ್ಧೀ, ಗುರುವಿಲ್ಲದೆ ಅರಿವು ಹುಟ್ಟುತ್ತದೆಯೆ?”

ಕೇಳಿದವನು ಪರ್ವತಯ್ಯ, ಮಠದ ಹಿರಿಯ ಶಿಷ್ಯ. ಬೆಳಿಗ್ಗೆ ಒಬ್ಬ ಹೆಂಗಸು ಬಂದು, ತನಗೆ ತಿಳಿದ ನಾಲ್ಕು ಮಾತನ್ನು ಇಲ್ಲಿಯವರ ಮುಂದೆ ಆಡಬೇಕು ಎಂದಿದ್ದಳು. ನಿನ್ನ ಗುರು ಯಾರು ಎಂದು ಕೇಳಿದರೆ, ಯಾರೂ ಇಲ್ಲ ಎಂದಳು. ಪರ್ವತಯ್ಯ ಅವಳನ್ನು ಬಾಗಿಲ ಹೊರಗೇ ಕೂರಿಸಿ ಬಂದಿದ್ದ. ಒಳಗೆ ಕರೆಯಬೇಕೋ ಹೋಗು ಎನ್ನಬೇಕೋ, ಗುರುಗಳೇ ಹೇಳಬೇಕಿತ್ತು.

ಗುರುಗಳು ನಕ್ಕರು. “ಕೂತುಕೋ. ಒಂದು ಹಾವಿನ ಕತೆ ಹೇಳುತ್ತೇನೆ.”

ಒಬ್ಬ ಪಂಡಿತನಿದ್ದ. ಹಾವುಗಳನ್ನೆಲ್ಲ ಜಾತಿ ಜಾತಿಯಾಗಿ ವಿಂಗಡಿಸುವುದೇ ಅವನ ಕೆಲಸ. ಹೆಡೆಯುಳ್ಳದ್ದು, ಹೆಡೆಯಿಲ್ಲದ್ದು, ವಿಷದ್ದು, ಬರಿದೇ ಬುಸುಗುಡುವುದು. ಪ್ರತಿಯೊಂದರಲ್ಲೂ ಗಂಡು ಹೀಗೆ, ಹೆಣ್ಣು ಹೀಗೆ ಎಂದು ಕಣ್ಣಾರೆ ಕಾಣದೆ ಬಿಡುವ ಆಸಾಮಿಯಲ್ಲ. ಕೊನೆಗೆ ಉಳಿದದ್ದು ಕುರುಡು ಹಾವು. ಹೂವಿನ ಪಾತಿ ಅಗೆದರೆ ಸಿಗುತ್ತದಲ್ಲ, ಗೇಣುದ್ದವೂ ಇಲ್ಲದ ಕಪ್ಪು ದಾರ, ಅದೇ. ಜನ ಎರೆಹುಳು ಎಂದು ಕಾಲಲ್ಲಿ ಸರಿಸುತ್ತಾರೆ. ಪಂಡಿತ ಬಗ್ಗಿ ನೋಡಿದ. ಮೈಮೇಲೆ ಹೊಳೆಯುವ ಹುರುಪೆ, ಸೀಳು ನಾಲಿಗೆ, ಚರ್ಮದಡಿ ಸಾಸಿವೆಗಿಂತ ಸಣ್ಣ ಕಣ್ಣು. ಹಾವೇ ಸರಿ. ಇರುವೆಯ ಮೊಟ್ಟೆ ತಿಂದು ಮಣ್ಣಲ್ಲೇ ಬದುಕುತ್ತದೆ ಎಂಬುದೂ ತಿಳಿಯಿತು. ಇನ್ನು ಗಂಡೊಂದು ಸಿಕ್ಕಿಬಿಟ್ಟರೆ ಜೀವಮಾನದ ಕೆಲಸ ಮುಗಿದಂತೆ.

ಸಿಗಬೇಕಲ್ಲ! ಗೊಬ್ಬರದ ಗುಂಡಿ ಅಗೆದ, ಕೊಳೆತ ಮರದ ಬುಡ ಕೆದಕಿದ, ನೆರೆಯವರ ಹೂಕುಂಡ ಬೋರಲು ಹಾಕಿ ಬೈಸಿಕೊಂಡ. ಸಿಕ್ಕಿದ್ದೆಲ್ಲ ಹೆಣ್ಣು. ತಲೆ ನರೆಯಿತು. ಕೆಲಸವನ್ನು ಅರ್ಧಂಬರ್ಧ ಬಿಟ್ಟು ಸಾಯಬೇಕಲ್ಲ ಎಂಬ ಸಂಕಟ ಅವನನ್ನು ತಿನ್ನತೊಡಗಿತು.

ಒಂದು ಮರಿಯನ್ನು ಅವನು ಮಣ್ಣಿನ ಮಡಕೆಯಲ್ಲಿ ಸಾಕಿದ್ದ. ಒಂದು ದಿನ ನೋಡಿದರೆ ಮಡಕೆಯೊಳಗೆ ಅಕ್ಕಿಕಾಳಿನಂಥ ಮೊಟ್ಟೆಗಳು! ಹೆಂಡತಿಯ ಮೇಲೆ ಹಾರಾಡಿದ. “ಮುಚ್ಚಳ ತೆಗೆದವರು ಯಾರು? ಗಂಡು ಬಂದು ಹೋಗಿದೆ!”

“ನಿಮ್ಮ ಹಾವಿನ ಮಡಕೆ ಮುಟ್ಟಲು ನನಗೇನು ತಲೆ ಕೆಟ್ಟಿದೆಯೇ?” ಎಂದಳು ಆಕೆ.

ಪಂಡಿತ ಆ ಮೊಟ್ಟೆಗಳಲ್ಲಿ ಒಂದನ್ನು ಹೊಸ ಮಡಕೆಗೆ ಹಾಕಿದ. ಮಣ್ಣನ್ನು ತಾನೇ ಜರಡಿ ಹಿಡಿದ. ಮಡಕೆಯ ಬಾಯಿಗೆ ಬಟ್ಟೆ ಬಿಗಿದು ತಲೆದೆಸೆಯಲ್ಲೇ ಇಟ್ಟುಕೊಂಡ, ಬೇರೆಯವರನ್ನು ಹತ್ತಿರ ಬಿಡಲಿಲ್ಲ. ಮರಿ ಹುಟ್ಟಿತು, ಒಂಟಿಯಾಗಿ ಬೆಳೆಯಿತು. ಅದೂ ಮೊಟ್ಟೆ ಇಟ್ಟಿತು. ಮೊಟ್ಟೆ ಒಡೆದು ಬಂದ ಮರಿಗಳೆಲ್ಲ ಹೆಣ್ಣೇ.

ಈ ಸಲ ಅವನು ಕೂಗಾಡಲಿಲ್ಲ. ಗಂಡು ಎಲ್ಲೂ ಅಡಗಿರಲಿಲ್ಲ, ಇರಲೇ ಇಲ್ಲ. ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು, ಎಂದಿನಿಂದಲೋ, ಯಾರ ಹಂಗೂ ಇಲ್ಲದೆ, ತಾನು ದಿನಾ ತುಳಿದು ಓಡಾಡಿದ ಮಣ್ಣಿನಲ್ಲಿ! “ಅಬ್ಬಾ!” ಎಂದು ಅಲ್ಲೇ ಕುಸಿದು ಕೂತ. ಕಣ್ಣಲ್ಲಿ ನೀರು ಬಂತು. ಆ ಮಡಕೆಗೆ ಕೈಮುಗಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಪರ್ವತಯ್ಯ ತಲೆ ಕೆರೆದುಕೊಂಡ. “ಆದರೂ ಬುದ್ಧೀ, ಗುರು ಯಾರೆಂದು ನಾನು ಕೇಳಿದ್ದು ತಪ್ಪೇ?”

“ಅವಳ ಗುರು ಯಾರೆಂದು ಕೇಳಿದೆ, ಸರಿ, ಅವಳಿಗೆ ತಿಳಿದದ್ದು ಏನೆಂದು ಕೇಳಿದೆಯಾ?”

ಪರ್ವತಯ್ಯ ಎದ್ದು, ಅವಳನ್ನು ಒಳಗೆ ಕರೆಯಲು ಬಾಗಿಲ ಕಡೆಗೆ ನಡೆದ.