ಹುಲ್ಲುಗಾವಲಿನ ನೀಲಗಿರಿ ತೋಪು

ಮುಪ್ಪಿನಯ್ಯ ಗುರುಗಳು ದೇಶ ಸುತ್ತಿ, ಎಷ್ಟೋ ವರ್ಷದ ಮೇಲೆ ಆಶ್ರಮಕ್ಕೆ ಮರಳಿದರು. ಶಿಷ್ಯ ಕರಿಬಸವನಿಗೆ ಹಿಗ್ಗೋ ಹಿಗ್ಗು. ಗುರುಗಳಿಗೆ ತೋರಿಸಲು ಅವನ ಹತ್ತಿರ ಒಂದು ತೋಪೇ ಇತ್ತು!

"ಆಶ್ರಮದ ಹಿಂದೆ ಬರೀ ಹುಲ್ಲುಗಾವಲು ಬಿದ್ದಿತ್ತಲ್ಲ ಗುರುಗಳೇ, ಪಾಳು ನೆಲ. ಈಗ ನೋಡಿ, ಎಲ್ಲಾ ನೀಲಗಿರಿ! ಹೊಂಡದಿಂದ ನೀರು ಹೊತ್ತು ಹೊತ್ತು ಹೆಗಲು ಜಡ್ಡುಗಟ್ಟಿತು."

ಗುರುಗಳು ಮರಗಳ ನಡುವೆ ನಡೆದರು. ಹುಲ್ಲಿರಲಿಲ್ಲ, ಒಣ ತರಗು ಮಾತ್ರ ಇತ್ತು.

"ಹೊಂಡ ಎಲ್ಲಿ?"

ಕರಿಬಸವ ತಲೆ ಕೆರೆದುಕೊಂಡು ಹೂಳು ತುಂಬಿದ ಗುಂಡಿಯೊಂದನ್ನು ತೋರಿಸಿದ. "ಬತ್ತಿಹೋಯಿತು."

"ಕಪ್ಪೆಗಳು?"

"ಅವೂ ಹೋದವು."

ಗುರುಗಳು ಕೊಡಲಿ ತಂದು ಅವನ ಕೈಗಿಟ್ಟರು.

ಅಯ್ಯೋ, ಅವನ ಮುಖ ನೋಡಬೇಕಿತ್ತು! "ಮರ ಕಡಿಯೋದು ಪಾಪ ಅಂತ ನೀವೇ ಹೇಳಿದ್ರಿ!"

"ಹೇಳಿದ್ದೆ."

"ಮಕ್ಕಳ ಹಾಗೆ ಸಾಕಿದ್ದೀನಿ, ಗುರುಗಳೇ."

"ಆ ಹುಲ್ಲು ಯಾರ ಮಗು?"

ಕರಿಬಸವ ಆ ದಿನ ಉಣ್ಣಲಿಲ್ಲ. ಒಂದೊಂದೇ ಮರದ ಮೈ ಸವರಿದ. ಆಶ್ರಮವನ್ನೇ ಬಿಟ್ಟು ಹೋಗಿಬಿಡೋಣ ಅನ್ನಿಸಿತು.

ಬೆಳಿಗ್ಗೆ ಒಂದು ನರಿ ಬಂದು ಗುಂಡಿಯ ತರಗು ಕೆದಕಿತು. ನೀರು ಸಿಗಲಿಲ್ಲ. ಅವನ ಮುಖವನ್ನೊಮ್ಮೆ ನೋಡಿ ಹೊರಟುಹೋಯಿತು.

ಕರಿಬಸವ ಕೊಡಲಿ ಎತ್ತಿದ.

ಕಡಿದರೆ ಮುಗಿಯಿತೇ? ನೀಲಗಿರಿ ಮೊಂಡು ಜಾತಿ, ಬುಡದಿಂದ ಮತ್ತೆ ಚಿಗುರಿತು. ಬೇರು ಅಗೆದ. ಹೊಂಡದ ಹೂಳೆತ್ತಿದ. ಗುರುಗಳೂ ಪಂಚೆ ಎತ್ತಿಕಟ್ಟಿ ಮಣ್ಣಿನ ಬುಟ್ಟಿ ಹೊತ್ತರು.

ಮಳೆ ಬಂತು. ಹೊಂಡದಲ್ಲಿ ನೀರು ನಿಂತಿತು. ಕಪ್ಪೆಗಳ ಗಲಾಟೆಯಲ್ಲಿ ಧ್ಯಾನ ಮಾಡುವುದೇ ಕಷ್ಟವಾಯಿತು.

ಆದರೂ ಕರಿಬಸವನ ಸಂಕಟ ಇಳಿಯಲಿಲ್ಲ. ತೋಪಿದ್ದ ಜಾಗದಲ್ಲಿ ಅಲ್ಲಲ್ಲಿ ಹುಲ್ಲು ಮೊಳೆತಿತ್ತು, ಮಿಕ್ಕಿದ್ದೆಲ್ಲ ಕಲ್ಲು ಮಣ್ಣು. ಒಂದು ದಿನ ಗುರುಗಳ ಜೊತೆ ಅಲ್ಲಿ ನಡೆಯುತ್ತಾ ಅತ್ತೇಬಿಟ್ಟ.

"ನೆಟ್ಟವನೂ ನಾನೇ, ಕಡಿದವನೂ ನಾನೇ. ನನ್ನ ಸೇವೆ ಅಂತ ಇಲ್ಲಿ ಏನು ಉಳೀತು? ಈ ನೆಲಕ್ಕೆ ನಾನಿನ್ನು ಏನು ಮಾಡಲಿ, ಹೇಳಿ!"

ಗುರುಗಳು ತಟ್ಟನೆ ಅವನ ತೋಳು ಹಿಡಿದು ನಿಲ್ಲಿಸಿದರು.

ಮುಂದಿನ ಹೆಜ್ಜೆ ಬೀಳುವಲ್ಲಿ, ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ಮೊಟ್ಟೆಗಳಿದ್ದವು. ತಲೆಯ ಮೇಲೆ, ಬಟ್ಟಬಯಲಲ್ಲೇ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಯೊಂದು ಗಾಬರಿಯಿಂದ ಕೂಗುತ್ತಾ ಸುತ್ತುತ್ತಿತ್ತು.

ಗುರುಗಳು ಮೆಲ್ಲಗೆ ಹೇಳಿದರು: "ಸ್ವಲ್ಪ ಹಿಂದಕ್ಕೆ ಸರಿ, ಮಗೂ. ಅವಳು ಕಾವಿಗೆ ಕೂರಬೇಕು."