ಸೂರಿಗೆ ಕಟ್ಟಿದ ಕಾಯಿಗಳು

“ಸಾಯುತ್ತಿರುವವರನ್ನು ಬಾಗಿಲಲ್ಲೇ ಬಿಟ್ಟು ನಾನು ಪಿಎಚ್.ಡಿ. ಮಾಡಲು ಹೋಗಬೇಕೇ, ಮೇಡಂ?”

ಇಂದುಮತಿಯ ಪ್ರಶ್ನೆ ಜಗಳಕ್ಕೆ ನಿಂತಂತಿತ್ತು. ಹನ್ನೊಂದು ವರ್ಷಗಳಿಂದ ಅವಳು ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ. ವಿಷ ಕುಡಿದವರು, ಅಪಘಾತಕ್ಕೆ ಸಿಕ್ಕವರು, ಎದೆ ಹಿಡಿದುಕೊಂಡು ಬಂದವರು ಮೊದಲು ಅವಳ ಕೈಗೇ ಬರುತ್ತಿದ್ದರು. ತುರ್ತು ಚಿಕಿತ್ಸೆ ಪಡೆದವರು ಮುಂದೆ ಏನಾದರು ಎಂಬ ಸಂಶೋಧನೆಗೆ ಸೇರಿದರೆ ಮೂರು ವರ್ಷ ಅರ್ಧದಷ್ಟು ಪಾಳಿಗಳನ್ನು ಬಿಡಬೇಕು. ಅರ್ಜಿ ಕೊಡಲು ಅಂದೇ ಕಡೆಯ ದಿನ.

“ಉಸಿರು ನಿಲ್ಲುತ್ತಿರುವವನಿಗೆ ನನ್ನ ಪ್ರಬಂಧ ಓದಿ ಹೇಳಲೇ?” ಎಂದಳು.

ಅವಳಿಗೆ ವೈದ್ಯಶಾಸ್ತ್ರ ಕಲಿಸಿದ ಗುರು ಒಂದು ಕತೆ ಹೇಳಿದರು.

ಒಬ್ಬ ನಾಟಿ ವೈದ್ಯನಿದ್ದ. ಹಾವು ಕಚ್ಚಿದವರಿಗೆ ಬೇರು ಅರೆದು ಕುಡಿಸುತ್ತಿದ್ದ. ಹಣ ಮುಟ್ಟುತ್ತಿರಲಿಲ್ಲ. ಬದುಕಿದವರು ಹದಿನೈದನೆಯ ದಿನ ಒಂದು ತೆಂಗಿನಕಾಯಿ ತಂದು ಒಪ್ಪಿಸಬೇಕು, ಅಷ್ಟೇ. ಆ ಕಾಯಿಗಳನ್ನು ಅವನು ಒಡೆಯದೆ ಮನೆಯ ಸೂರಿಗೆ ಕಟ್ಟುತ್ತಿದ್ದ. ಮೂರು ಕಡೆಯ ಸೂರು ತುಂಬಿತು. ತಲೆಯೆತ್ತಿ ನೋಡಿದಾಗಲೆಲ್ಲ, ತನ್ನ ಮದ್ದು ಹುಸಿಹೋಗದು ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗುತ್ತಿತ್ತು.

ಒಂದು ದಿನ ಒಬ್ಬ ಹೆಂಗಸು ಬಂದು ಅವನ ಕಾಲ ಬಳಿ ಕಾಯಿ ಎಸೆದಳು.

“ಇದನ್ನೂ ಕಟ್ಟು. ನನ್ನ ಗಂಡನದು. ನಿನ್ನ ಮದ್ದು ಕುಡಿದವನು ಊರ ಗಡಿ ದಾಟುವಷ್ಟರಲ್ಲಿ ಸತ್ತ. ಸತ್ತವರು ಕಾಯಿ ತರುವುದಿಲ್ಲವಲ್ಲ, ಅದಕ್ಕೇ ನಾನು ತಂದೆ.”

“ನನಗೆ ಹೇಗೆ ತಿಳಿಯಬೇಕಿತ್ತು, ತಾಯಿ? ಅಷ್ಟರಲ್ಲಿ ಇನ್ನೊಬ್ಬನನ್ನು ಹೊತ್ತು ತಂದಿದ್ದರು.”

“ಅವನಿಗೂ ಅದನ್ನೇ ಅರೆದು ಕುಡಿಸಿದೆಯಲ್ಲೋ, ಪಾಪಿ!”

ವೈದ್ಯ ಸೂರಿನತ್ತ ನೋಡಲಿಲ್ಲ.

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಇಂದುಮತಿಯ ಮುಖ ಕೆಂಪೇರಿತ್ತು. ತನ್ನನ್ನು ಬೇರು ಅರೆಯುವವನ ಪಕ್ಕ ಕೂರಿಸಿದ್ದನ್ನು ಅವಳಿಂದ ಸಹಿಸಲಾಗಲಿಲ್ಲ.

“ನಾನು ಓದಿದವಳು, ಮೇಡಂ. ಕಣ್ಣು ಮುಚ್ಚಿಕೊಂಡು ಮದ್ದು ಕುಡಿಸುವವಳಲ್ಲ. ಬಂದವರ ಜೀವ ಉಳಿಸಿಯೇ ವಾರ್ಡಿಗೆ ಕಳಿಸುತ್ತೇನೆ.”

“ಹಾಗೆ ನೀನು ಕಳಿಸಿದವರಲ್ಲಿ ಎಷ್ಟು ಮಂದಿ ಮನೆ ಸೇರಿದರು, ಹೇಳು,” ಎಂದರು ಗುರು.